ಪುಕ್ಕಟೆ ಹಾಲು ಹೊರುವವರು

ನನಗೆ ಸಂಶಯ ಜಾಸ್ತಿ. ಗಂಡ ಇದ್ದಾಗ ಅವರು ಹೇಳುತ್ತಿದ್ದರು, ಈಗ ಸೊಸೆ ಹೇಳುತ್ತಾಳೆ, ನಾನೂ ಒಪ್ಪುತ್ತೇನೆ. ತರಕಾರಿಯವನು ಕೇಳದೆ ಒಂದು ಹಿಡಿ ಕೊತ್ತಂಬರಿ ಹಾಕಿಕೊಟ್ಟರೆ, ಕೆಳಗಿನ ಟೊಮೆಟೊ ಕೊಳೆತಿರಬೇಕು ಅಂತ ಅಲ್ಲೇ ಚೀಲ ಸುರುವಿ ನೋಡುವವಳು ನಾನು. ಎಷ್ಟೋ ಸಲ ಕೊಳೆತೂ ಇರುತ್ತದೆ. ಇಂಥವಳು ಈ ತೆಲುಗು ಊರಿನ ಉಪ್ಪಲ್‌ನಲ್ಲಿ ನಮ್ಮ ಮನೆಗೆ ಹತ್ತಿರದ ಟ್ರಸ್ಟ್ ಆಸ್ಪತ್ರೆಗೆ ಪುಕ್ಕಟೆ ಕೆಲಸ ಮಾಡಲು ಹೋಗತೊಡಗಿದಾಗ ಮನೆಯಲ್ಲಿ ಎಲ್ಲರೂ ನಕ್ಕರು. ಮಗ ಮಾತ್ರ, "ಅಲ್ಲೇನಾದರೂ ಚಹಾ ಚೆನ್ನಾಗಿ ಕೊಡ್ತಾರೇನಮ್ಮ?" ಅಂತ ಕೇಳಿದ. ಅವನೂ ನನ್ನ ಮಗನೇ ತಾನೆ.

ನಾನು ಅಲ್ಲಿ ಸೇರಿದ್ದು ಆಕಸ್ಮಿಕವಾಗಿ. ಬಿಪಿ ಮಾತ್ರೆಗೆ ಹೋಗಿದ್ದಾಗ ಒಬ್ಬ ಮುದುಕಿಗೆ ನರ್ಸ್ ತೆಲುಗಿನಲ್ಲಿ ಗದರಿಸುತ್ತಿದ್ದಳು, ಮುದುಕಿ ಕನ್ನಡದಲ್ಲಿ ಅಳುತ್ತಿದ್ದಳು, ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯುತ್ತಿರಲಿಲ್ಲ. ನಾನು ನಡುವೆ ಬಾಯಿ ಹಾಕಿದೆ. ಯಾದಗಿರಿ, ರಾಯಚೂರು, ಕಲಬುರಗಿ ಕಡೆಯಿಂದ ಕಟ್ಟಡದ ಕೆಲಸಕ್ಕೆ ಬಂದವರು ಆ ಆಸ್ಪತ್ರೆಗೆ ಬಹಳ ಬರುತ್ತಾರೆ. ಮರುವಾರವೇ ನನಗೊಂದು ಹಸಿರು ಕೋಟು ಕೊಟ್ಟು, ಸ್ವಯಂಸೇವಕಿ ಅಂದರು.

ಮಾತು ದಾಟಿಸುವುದು ನನ್ನ ಹೆಸರಿಗಿದ್ದ ಕೆಲಸ. ನಿಜವಾದ ಕೆಲಸ ಹಾಲು ಹೊರುವುದು. ಬಾಣಂತಿಯರ ವಾರ್ಡು ಕೆಳಗೆ, ತೂಕ ಕಡಿಮೆಯಿರುವ ಕೂಸುಗಳನ್ನು ಇಡುವ ಕೋಣೆ ಮೇಲೆ. ಹೊಟ್ಟೆಗೆ ಹೊಲಿಗೆ ಬಿದ್ದ ತಾಯಂದಿರು ಮೆಟ್ಟಿಲು ಹತ್ತುವಂತಿಲ್ಲ, ಲಿಫ್ಟು ಸ್ಟ್ರೆಚರುಗಳಿಗೇ ಸಾಲದು. ತಾಯಂದಿರು ಸ್ಟೀಲ್ ಬಟ್ಟಲಿಗೆ ಹಾಲು ಹಿಂಡಿ, ಮುಚ್ಚಳ ಹಾಕಿ ಕೊಡುತ್ತಾರೆ. ಹಸಿರು ಕೋಟಿನವರು ಅದನ್ನು ಹೊತ್ತು ಮೇಲಿನ ಕೋಣೆಯ ಬಾಗಿಲಲ್ಲಿ ನರ್ಸ್ ಕೈಗೆ ಕೊಡಬೇಕು. ಬಾಗಿಲ ತನಕ ಮಾತ್ರ. ನಾವು ಒಳಗೆ ಕಾಲಿಡಕೂಡದು, ಕೂಸನ್ನು ಮುಟ್ಟಕೂಡದು. ಮುಟ್ಟಿದವರು ಕೋಟು ಬಿಚ್ಚಿಟ್ಟು ಮನೆಗೆ ಹೋಗಬೇಕು.

ನನ್ನ ಜೊತೆ ಹಾಲು ಹೊರುತ್ತಿದ್ದ ಇನ್ನೊಬ್ಬಾಕೆ ಮಣಿಕೊಂಡದಿಂದ ಬರುತ್ತಿದ್ದಳು. ತೆಲುಗಿನಾಕೆ, ನನ್ನ ವಯಸ್ಸಿನವಳೇ, ಬಂಗಾರದ ಚೌಕಟ್ಟಿನ ಕನ್ನಡಕ, ಇಸ್ತ್ರಿ ಹಾಕಿದ ಹತ್ತಿ ಸೀರೆ. ಮಣಿಕೊಂಡ ಊರಿನ ಆ ತುದಿ, ಉಪ್ಪಲ್ ಈ ತುದಿ. ಕಾರಿನಲ್ಲಿ ಅರ್ಧ ದಾರಿ, ಮೆಟ್ರೋದಲ್ಲಿ ಉಳಿದರ್ಧ. ಆ ಕಡೆ ಆಸ್ಪತ್ರೆಗಳಿಗೇನು ಬರ ಬಂದಿದೆಯೇ? ಯಾಕೆ ಇಷ್ಟು ದೂರ ಅಂತ ಒಂದು ದಿನ ಕೇಳಿಯೇಬಿಟ್ಟೆ. "ಸೇವ ಅಂಡಿ," ಸೇವೆ ಕಣ್ರೀ, ಅಂದು ನಕ್ಕಳು. ಬೆಳ್ಳಗಿರುವುದೆಲ್ಲ ಹಾಲಲ್ಲ. ಅವತ್ತಿನಿಂದ ಆಕೆಯ ಕೈಚೀಲದ ಮೇಲೆ ನನಗೊಂದು ಕಣ್ಣು.

ಆಗ ಬಂದವಳು ಯಾದಗಿರಿ ಕಡೆಯ ಒಬ್ಬ ಹುಡುಗಿ. ಶಂಶಾಬಾದ್ ಕಡೆ ದೊಡ್ಡ ಕಟ್ಟಡವೊಂದರಲ್ಲಿ ಗಂಡ ಹೆಂಡತಿ ಇಬ್ಬರೂ ಕೂಲಿ. ದಿನ ತುಂಬುವ ಮೊದಲೇ ಹೆರಿಗೆ, ಅದೂ ಆಪರೇಶನ್. ಚೊಚ್ಚಲ ಹೆಣ್ಣುಕೂಸು. ಒಂದು ಅಂಗೈ, ಮೇಲೊಂದಿಷ್ಟು, ಅಷ್ಟೇ ಇತ್ತು. ಅದನ್ನು ಮೇಲಕ್ಕೆ ಒಯ್ಯುವ ಗಡಿಬಿಡಿಯಲ್ಲೇ ಆಕೆ ತನ್ನ ಕೈಯಲ್ಲಿದ್ದ ಕರಿ ಉಣ್ಣೆಯ ದಾರ ಬಿಚ್ಚಿ ಕೂಸಿನ ಕಾಲಿಗೆ ಕಟ್ಟಿಸಿದ್ದಳಂತೆ. ಅವರು ಕುರಿ ಕಾಯುವ ಮನೆತನದವರು. ಅಪ್ಪನ ಕಂಬಳಿಯಿಂದ ಎಳೆದು ಹೊಸೆದ ದಾರ ಅದು. ಆ ಜನರಲ್ಲಿ ಕರಿ ಕಂಬಳಿ ಅಂದರೆ ದೇವರ ಸಮಾನ, ಅದರ ಎಳೆ ಮೈಮೇಲಿದ್ದರೆ ಕೂಸಿಗೆ ಯಾವ ಗಾಳಿಯೂ ಸೋಕುವುದಿಲ್ಲ.

ನನ್ನ ಕೈಗೆ ಬಟ್ಟಲು ಕೊಡುವಾಗಲೆಲ್ಲ ಆಕೆ ಕೇಳುವಳು, "ಅಮ್ಮಾರ, ನೀವ ಒಯ್ದು ಕೊಡ್ತೀರಿಲ್ಲೊ? ಮತ್ತೊಬ್ಬರ ಕೈಯಾಗ ಕೊಡಬ್ಯಾಡ್ರಿ. ಮ್ಯಾಲೆ ಅದನ್ನ ಯಾರ ಬಾಯಾಗ ಹಾಕ್ತಾರೋ ಏನೋ."

ನನಗೆ ತಕ್ಕವಳು ಸಿಕ್ಕಳು ಅಂದುಕೊಂಡೆ. ಖುಷಿಯೂ ಆಯಿತು.

ಹೊಲಿಗೆಯ ನೋವು ತಗ್ಗಿದ ಮೇಲೆ ಒಂದು ಬೆಳಿಗ್ಗೆ ಆಕೆಯನ್ನು ಗಾಲಿಕುರ್ಚಿಯಲ್ಲಿ ಕೂಡಿಸಿ, ಲಿಫ್ಟು ಕಾದು, ಮೇಲಕ್ಕೆ ಕರೆದೊಯ್ದೆವು. ನಾನು ಬಾಗಿಲಲ್ಲೇ ನಿಂತೆ. ನರ್ಸ್ ಕೂಸಿನ ಮೇಲಿನ ಬಟ್ಟೆ ಸರಿಸಿದಳು. ಹುಡುಗಿ ಮುಖ ನೋಡಲಿಲ್ಲ, ಮೊದಲು ಕಾಲು ನೋಡಿದಳು. ಒಂದು ಕಾಲು, ಆಮೇಲೆ ಇನ್ನೊಂದು ಕಾಲು. ಆಮೇಲೆ ನನ್ನ ಕಡೆ ತಿರುಗಿದಳು.

"ಇದು ನನ ಕೂಸಲ್ರೀ."

ದಾರ ಇರಲಿಲ್ಲ. ನರ್ಸ್ ಕೂಸಿನ ಕೈಗೆ ಸುತ್ತಿದ್ದ ಪಟ್ಟಿ ತೋರಿಸಿದಳು. ತಾಯಿಯ ಕೈಯಲ್ಲೂ ಅಂಥದೇ ಪಟ್ಟಿ, ಅದೇ ನಂಬರು. ನಾನು ಬಾಗಿಲಿಂದಲೇ ಓದಿ ಹೇಳಿದೆ, ಎರಡೂ ಒಂದೇ ಐತಿ ತಂಗಿ, ನಿನ್ನ ಕೂಸ ಇದು.

"ನಿಮಗ ಓದಾಕ ಬರ್ತೈತಿ, ನನಗ ಬರೂದಿಲ್ಲ," ಅಂದಳು. "ದಾರ ಕತ್ತರಸಿದವರಿಗೆ ಆ ಪಟ್ಟಿ ಕತ್ತರಸಾಕ ಎಷ್ಟೊತ್ತು?"

ನಾನು ಬಾಗಿಲಿಂದಲೇ ಕತ್ತು ಚಾಚಿ ಆ ಪಟ್ಟಿಯನ್ನು ಇನ್ನೊಮ್ಮೆ ನೋಡಿದೆ. ಹೌದಲ್ಲ, ಎಷ್ಟೊತ್ತು?

ನರ್ಸ್ ತಾಳ್ಮೆ ಕಳೆದುಕೊಂಡು, ಹೆಣ್ಣುಕೂಸನ್ನು ಯಾರಮ್ಮಾ ಕದಿಯುತ್ತಾರೆ ಅಂದಳು. ತೆಲುಗಾದರೂ ಹುಡುಗಿಗೆ ಅರ್ಥವಾಯಿತು. "ಯಾರಿಗೂ ಬ್ಯಾಡಂದ್ರ ಬ್ಯಾಡಾಗಲಿ, ನನಗ ಬೇಕಾಗೈತಿ," ಅಂದು ಕುರ್ಚಿ ತಿರುಗಿಸಲು ಹೇಳಿದಳು.

ಅಲ್ಲಿಂದ ಆಕೆ ಹಾಲು ಕೊಡುವುದನ್ನು ನಿಲ್ಲಿಸಿಬಿಟ್ಟಳು. ತನ್ನ ಕೂಸು ತೋರಿಸುವ ತನಕ ಒಂದು ಹನಿ ಕೊಡುವುದಿಲ್ಲ. ಎದೆ ಕಲ್ಲಾಗಿ, ರವಿಕೆ ಒದ್ದೆಯಾಗಿ, ನೋವಿಗೆ ಹಲ್ಲು ಕಚ್ಚಿಕೊಂಡು ಗೋಡೆ ಕಡೆ ಮುಖಮಾಡಿ ಮಲಗಿದಳು. ಸಂಜೆ ಗಂಡ ಬಂದು ಬೇಡಿದ, ಬೈದ, ಕಡೆಗೆ ಅವನಿಗೂ ಅನುಮಾನ ಹತ್ತಿತು. ಮರುದಿನ ಮೇಲಿನ ಕೋಣೆಯ ಡಾಕ್ಟರು ನನ್ನನ್ನು ಕರೆದು ಹೇಳಿದರು: ಇಷ್ಟು ಸಣ್ಣ ಕೂಸಿಗೆ ಪುಡಿ ಹಾಲು ತಡೆಯುವುದಿಲ್ಲ, ಹೊಟ್ಟೆ ಉಬ್ಬತೊಡಗಿದೆ, ತಾಯಿಯ ಹಾಲೇ ಇದಕ್ಕೆ ಔಷಧ, ಹೇಗಾದರೂ ಒಪ್ಪಿಸಿ. ಹೇಗಾದರೂ ಅಂದರೆ ಹೇಗೆ? ನಾನೇ ಒಪ್ಪಿರಲಿಲ್ಲ.

ದಾರ ಎಲ್ಲಿ ಹೋಯಿತು ಅಂತ ನರ್ಸನ್ನು ಕೇಳಿದೆ. "ಯಾವ ದಾರ?" ಅಂದಳು, ನನ್ನ ಪ್ರಶ್ನೆ ಮುಗಿಯುವ ಮೊದಲೇ. ಅಷ್ಟು ಬೇಗ ಬಂದ ಉತ್ತರವನ್ನು ನಾನು ನಂಬುವುದಿಲ್ಲ. ಚಹಾದ ಹೊತ್ತಿಗೆ ಮಣಿಕೊಂಡದಾಕೆಯ ಮುಂದೆ ಕೂತು, ಯಾರನ್ನೂ ಉದ್ದೇಶಿಸದೆ, "ಕೂಸಿನ ಕಾಲಿನ ದಾರ ಯಾರೋ ಕತ್ತರಿಸಿದ್ದಾರಂತೆ," ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಆಕೆಯ ಕೈ ತನ್ನಷ್ಟಕ್ಕೆ ಕೈಚೀಲದ ಮೇಲೆ ಹೋಯಿತು. ಆ ಚೀಲದಲ್ಲಿ ಉಗುರು ತೆಗೆಯುವ ಸಣ್ಣ ಕತ್ತರಿ ಇರುವುದನ್ನು ನಾನು ಹಿಂದೆಯೇ ನೋಡಿಟ್ಟಿದ್ದೆ.

ಆ ಸಂಜೆ ಮನೆಯಲ್ಲಿ ನನಗೆ ಅನ್ನ ಸೇರಲಿಲ್ಲ. ತಲೆಯಲ್ಲಿ ಏನೇನೋ. ಕೂಸು ಮಾರುವವರ ಸುದ್ದಿ ಟಿವಿಯಲ್ಲಿ ಬರುವುದಿಲ್ಲವೇ? ಮರ್ಯಾದಸ್ಥರಂತೆ ಕಾಣುವವರೇ ಅಲ್ಲವೇ ಅದರಲ್ಲಿರುವುದು? ಊರ ಆ ತುದಿಯಿಂದ ಈ ತುದಿಗೆ ಸುಮ್ಮನೆ ಯಾರಾದರೂ ಬರುತ್ತಾರೆಯೇ? ಸೊಸೆ ತೆಲುಗಿನಲ್ಲಿ ಏನೋ ಕೇಳಿದಳು, ನಾನು ಕನ್ನಡದಲ್ಲಿ ಏನೋ ಅಂದೆ, ಮೊಮ್ಮಗಳು ಇಬ್ಬರನ್ನೂ ನೋಡಿ ನಕ್ಕು ಫೋನು ಹಿಡಿದಳು. ನಮ್ಮ ಮನೆಯ ಮಾತುಕತೆ ಇಷ್ಟೇ.

ಮರುದಿನ ಮೆಟ್ಟಿಲಲ್ಲೇ ಆಕೆಯನ್ನು ಅಡ್ಡಹಾಕಿದೆ. ಈಗಲೇ ದೊಡ್ಡ ಡಾಕ್ಟರ ಹತ್ತಿರ ಹೋಗಿ ನಿಮ್ಮ ಕತ್ತರಿಯ ವಿಷಯ ಹೇಳುತ್ತೇನೆ ಅಂದೆ. ಆಕೆ ಕಂಬಿ ಹಿಡಿದುಕೊಂಡಳು. ಕನ್ನಡಕ ತೆಗೆದಳು. ಆಮೇಲೆ ತೆಲುಗಿನಲ್ಲಿ, ಯಾರಿಗೂ ಕೇಳದಷ್ಟು ಮೆಲ್ಲಗೆ, ಎಲ್ಲ ಹೇಳಿದಳು.

ತಾನು ಹಾಲು ಒಯ್ದಿದ್ದ ಒಂದು ದಿನ ಮೇಲೆ ನರ್ಸ್ ಒಬ್ಬಳೇ ಇದ್ದಳಂತೆ. ಕೂಸಿನ ಕಾಲಿಗೆ ಸೂಜಿ ಚುಚ್ಚಬೇಕಿತ್ತು, ಬೇರೆಲ್ಲೂ ನರ ಸಿಕ್ಕಿರಲಿಲ್ಲ. ಒದ್ದೆ ಉಣ್ಣೆ ಚರ್ಮಕ್ಕೆ ಅಂಟಿ ಕಾಲು ಕೆಂಪಾಗಿತ್ತು. ಬಾಗಿಲಲ್ಲಿ ಬಟ್ಟಲು ಹಿಡಿದು ನಿಂತಿದ್ದ ಈಕೆಗೆ ನರ್ಸ್, "ಒಳಗೆ ಬನ್ನಿ, ಕಾಲು ಹಿಡಿಯಿರಿ, ಅದನ್ನು ಕತ್ತರಿಸಿ," ಅಂದಳು. ಈಕೆ ಕತ್ತರಿಸಿದಳು, ದಾರ ಕಸದ ಡಬ್ಬಿಗೆ ಹೋಯಿತು. ಸ್ವಯಂಸೇವಕಿಯನ್ನು ಒಳಗೆ ಕರೆದದ್ದಕ್ಕೆ ನರ್ಸಿಗೆ ಹೆದರಿಕೆ, ಕೂಸನ್ನು ಮುಟ್ಟಿದ್ದಕ್ಕೆ ಈಕೆಗೆ. ಇಬ್ಬರೂ ಬಾಯಿ ಹೊಲಿದುಕೊಂಡರು.

"ಕೂಸು ಹಸಿದಿರುವಾಗ ನಿಮಗೆ ಕೋಟಿನ ಚಿಂತೆಯೇ?" ಅಂದೆ. ಸಿಟ್ಟು ನೆತ್ತಿಗೇರಿತ್ತು.

"ಹೌದು," ಅಂದಳು. "ಮನೆಯಲ್ಲಿ ನನ್ನನ್ನು ಯಾರೂ ಯಾವ ಕೆಲಸಕ್ಕೂ ಕರೆಯುವುದಿಲ್ಲ. ಅಡುಗೆಗೆ ಆಳು, ಮಕ್ಕಳಿಗೆ ಆಳು, ನಾಯಿಗೂ ಒಬ್ಬ ಆಳು. ಇಲ್ಲಿ ಆ ನರ್ಸ್ ನನ್ನನ್ನು ಕರೆದಳು. ಹತ್ತಿರದ ಆಸ್ಪತ್ರೆಗೆ ಹೋದರೆ ನನ್ನ ಗಂಡನ ಪರಿಚಯದವರು ಕುರ್ಚಿ ಹಾಕಿ ಕೂಡಿಸುತ್ತಾರೆ. ಇಲ್ಲಿಂದ ಕಳಿಸಿದರೆ ನಾನು ಎಲ್ಲಿಗೆ ಹೋಗಲಿ?"

ನಂಬಿದೆನೇ? ಮುಕ್ಕಾಲು. ಉಳಿದ ಕಾಲು ಭಾಗ ನನ್ನ ಹುಟ್ಟುಗುಣ. ಆದರೆ ಸುಳ್ಳು ಹೇಳುವವರು ಇಷ್ಟು ನಾಚಿಕೆಗೇಡಿನ ಕಾರಣ ಹುಡುಕುವುದಿಲ್ಲ. ಆಕೆಯ ಕೈ ಹಿಡಿದು ಕೆಳಗೆ ಎಳೆದುಕೊಂಡೇ ಹೋದೆ.

ಹುಡುಗಿ ಗೋಡೆ ಕಡೆಯೇ ತಿರುಗಿ ಮಲಗಿದ್ದಳು. ಮಣಿಕೊಂಡದಾಕೆ ತೆಲುಗಿನಲ್ಲಿ ಹೇಳಿದಳು, ನಾನು ಒಂದು ಮಾತೂ ಬಿಡದೆ ಕನ್ನಡದಲ್ಲಿ ದಾಟಿಸಿದೆ. ಸೂಜಿ, ಕೆಂಪಾದ ಕಾಲು, ಕತ್ತರಿ, ಕಸದ ಡಬ್ಬಿ. ಹುಡುಗಿ ಎದ್ದು ಕೂತಳು. ಮುಖ ಜ್ವರದಿಂದ ಕೆಂಪಾಗಿತ್ತು.

"ನಮ್ಮಪ್ಪನ ಕಂಬಳಿ ಎಳಿ ಕಸದಾಗ ಒಗದ್ರಿ," ಅಂದಳು. ಮುಖ ಒರೆಸಿಕೊಂಡು ಕೇಳಿದಳು, "ಅಲ್ರೀ, ನಿಮಗ ಪಗಾರ ಇಲ್ಲ, ಏನಿಲ್ಲ. ದಿನಾ ಬರ್ತೀರಿ, ಮಂದಿ ಹಾಲು ಹೊರ್ತೀರಿ. ಏನ್ ಸಿಗತೈತಿ ನಿಮಗ?"

"ಸೇವ," ಅಂತ, ನಾನು ತೆಲುಗಿನಲ್ಲಿ ದಾಟಿಸಿದ ಕೂಡಲೇ, ಮಣಿಕೊಂಡದಾಕೆ ಶುರುಮಾಡಿದಳು. ಮೆಟ್ಟಿಲಲ್ಲಿ ಅಷ್ಟೆಲ್ಲ ಹೇಳಿದ ಮೇಲೂ ಆಕೆಯ ಬಾಯಿಗೆ ಅದೇ ಬಂತು.

"ಸೇವಾ ಅಂದ್ರ ನನಗೂ ತಿಳಿತೈತಿ," ಹುಡುಗಿ ಅಂದಳು. "ಓಟು ಕೇಳಾಕ ಬರೋರೂ ಅದನ್ನ ಅಂತಾರ. ನೀವು ಹೇಳ್ರಿ ಅಮ್ಮಾರ. ನೀವ್ಯಾಕ ಬರ್ತೀರಿ?"

ಒಳ್ಳೆಯ ಮಾತುಗಳು ಬಾಯಲ್ಲಿ ಸಾಲಾಗಿ ನಿಂತಿದ್ದವು. ಆಕೆ ನನ್ನ ಮುಖವನ್ನೇ ನೋಡುತ್ತಿದ್ದಳು, ನಾನು ತರಕಾರಿಯವನ ಮುಖ ನೋಡುವ ಹಾಗೆ. ಅಂಥವರ ಮುಂದೆ ಕೊಳೆತದ್ದನ್ನು ಅಡಿಗಿಟ್ಟು ಮಾರಲಾಗುವುದಿಲ್ಲ.

"ನಮ್ಮ ಮನ್ಯಾಗ ಕನ್ನಡ ಮಾತಾಡೋರು ಯಾರೂ ಉಳಿದಿಲ್ಲವ್ವ," ಅಂದೆ. "ಮಗನೂ ನನ್ನ ಕೂಡ ಎರಡು ಮಾತಾಡಿ ತೆಲುಗಿಗೆ ಹೋಗ್ತಾನ. ನೀವೆಲ್ಲ ನಮ್ಮವ್ವ ಮಾತಾಡಿದಂಗ ಮಾತಾಡ್ತೀರಿ. ಅದನ್ನ ಕೇಳಾಕ ಬರ್ತೀನಿ. ನಿನ್ನ ಮ್ಯಾಲಿನ ಕನಿಕರಕ್ಕಲ್ಲ. ಈಕಿಗೆ ಮನ್ಯಾಗ ಕೆಲಸ ಇಲ್ಲ, ಅದಕ್ಕ ಬರ್ತಾಳ. ಇಷ್ಟ ನೋಡು."

ಇದನ್ನು ನಾನು ನನಗೇ ಹೇಳಿಕೊಂಡಿರಲಿಲ್ಲ. ಹುಡುಗಿ ನಮ್ಮಿಬ್ಬರನ್ನೂ ತೂಗಿ ನೋಡಿದಳು.

"ಹಂಗ ಹೇಳ್ರಿ ಮತ್ತ," ಅಂದಳು. "ಕುರ್ಚಿ ತರ್ರಿ."

ಈ ಸಲ ನಾನು ಬಾಗಿಲಲ್ಲಿ ನಿಲ್ಲಲಿಲ್ಲ, ನರ್ಸೂ ತಡೆಯಲಿಲ್ಲ. ಕೂಸನ್ನು ಬಟ್ಟೆಯಲ್ಲಿ ಸುತ್ತಿ ತಾಯಿಯ ತೊಡೆಯ ಮೇಲಿಟ್ಟರು. ಆಕೆ ಬಟ್ಟೆ ಬಿಡಿಸಿದಳು. ಕಾಲಿನ ಕೆಂಪು ಗುರುತಿನ ಮೇಲೆ ಬೆರಳಾಡಿಸಿದಳು, ಕಿವಿ ಮಡಚಿ ನೋಡಿದಳು, ಅಂಗೈ ಬಿಡಿಸಿ ನೋಡಿದಳು, ನೆತ್ತಿ ಮೂಸಿದಳು. ತನ್ನದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. ಮಣಿಕೊಂಡದಾಕೆ ನನ್ನ ಕೈಯನ್ನು ಬಿಗಿಯಾಗಿ ಹಿಡಿದಿದ್ದಳು. ಕೂಸು ಕಣ್ಣು ಮುಚ್ಚಿಕೊಂಡೇ ಆ ಒದ್ದೆ ರವಿಕೆಯ ಕಡೆ ಬಾಯಿ ತಿರುಗಿಸಿ, ಏನೂ ಸಿಗದೆ, ದನಿಯೇ ಇಲ್ಲದ ಒಂದು ಅಳು ಅತ್ತಿತು.

ಹುಡುಗಿ ನನ್ನ ಕಡೆ ನೋಡಿದಳು. ಆ ಕಣ್ಣಿನಲ್ಲಿ ಸಂಶಯ ಹಾಗೇ ಇತ್ತು.

"ನಂದ ಇರಲಿ, ಯಾರದ ಇರಲಿ," ಅಂದಳು, ರವಿಕೆಯ ಗುಂಡಿ ಬಿಚ್ಚುತ್ತ. "ಹಸದೈತಿ."