ನಲ್ಲೂರಿನ ಟೀ ಅಂಗಡಿಯಲ್ಲಿ ಮಾಜಿ ಮಂತ್ರಿ

ನಲ್ಲೂರಿನ ಹುಣಸೆ ತೋಪು ನೋಡಿಕೊಂಡು ಬಂದು ಟೀ ಅಂಗಡಿಯಲ್ಲಿ ಕೂತಿದ್ದೇವೆ. ಜೊತೆಗಿರುವ ಹಿರಿಯರು ಕೆನಡಾದವರು. ಅಲ್ಲಿ ಏಳು ಸಲ ಗೆದ್ದು, ಮೂರು ಖಾತೆಗಳ ಮಂತ್ರಿಯಾಗಿದ್ದವರು. ನಾನು ಅವರ ದುಭಾಷಿ.

ಅಂಗಡಿಯ ನರಸಮ್ಮ ಎರಡು ಸಲ ಪಂಚಾಯ್ತಿ ಮೆಂಬರ್ ಆಗಿದ್ದು, ಆಮೇಲೆ ಸೋತವರು. ಒಡಹುಟ್ಟಿದ ಅಕ್ಕನೇ ವೋಟು ಹಾಕಲಿಲ್ಲವೆಂದು, ಅಕ್ಕನಿರುವ ಮೇಲಿನ ಬೀದಿಗೆ ಅಂದಿನಿಂದ ಕಾಲಿಟ್ಟಿಲ್ಲವಂತೆ. ಟೀ ಸೋಸುತ್ತಾ ಅವರೇ ಹೇಳಿಕೊಂಡರು.

"ಇವ್ರು ಯಾವತ್ತಾದ್ರೂ ಸೋತಿದ್ರಾ ಕೇಳಪ್ಪಾ."

ಬೇಸರವಾದೀತೆಂದು ಅಂಜುತ್ತಲೇ ಕೇಳಿದೆ. ಹಿರಿಯರು ನಕ್ಕುಬಿಟ್ಟರು. ಎಂಟನೆಯ ಸಲ ಸೋತು, ಮೂರು ವಾರ ಮನೆಯಿಂದ ಹೊರಗೇ ಬರಲಿಲ್ಲವಂತೆ. ಕೊನೆಗೆ ಹೆಂಡತಿ ಗದರಿದ ಮೇಲೆ ಹಿಮ ತುಳಿದುಕೊಂಡು ಹೋಗಿ, ತಮಗೆ ವೋಟು ಹಾಕದ ಪಕ್ಕದ ಮನೆಯವನ ಬಾಗಿಲು ತಟ್ಟಿದರು. ಕೈ ನಡುಗುತ್ತಿತ್ತಂತೆ. ಅವನು, "ಎಲ್ಲಿದ್ದೆ ಇಷ್ಟು ದಿನ? ಒಳಗೆ ಬಾ, ಚಳಿ" ಎಂದನಂತೆ. ಚುನಾವಣೆಯ ಮಾತೇ ಬರಲಿಲ್ಲ.

ನಾನು ಕನ್ನಡದಲ್ಲಿ ಹೇಳಿ ಮುಗಿಸಿದಾಗ ನರಸಮ್ಮ ಟೀ ಸೋಸುವ ಜಾಲರಿ ಕೆಳಗಿಟ್ಟರು.

"ಮಂತ್ರಿಗೇ ಕೈ ನಡುಗ್ತಂತೆ, ನಂದೇನ್ ಬಿಡಪ್ಪಾ" ಎಂದು ಸ್ಟವ್ ಆರಿಸಿ, ಸೆರಗು ಸರಿಮಾಡಿಕೊಂಡರು. "ಅಂಗ್ಡಿ ನೋಡ್ಕೊಳ್ರಪ್ಪಾ ಇಬ್ರೂ. ಅಕ್ಕನ್ ಮನೇಗ್ ಹೋಗ್ಬಂದ್ಬಿಡ್ತೀನಿ."

ಅರ್ಧ ಗಂಟೆಯಾಯಿತು. ಮೇಲಿನ ಬೀದಿಯಿಂದ ಇಬ್ಬರು ಹೆಂಗಸರು ಜೋರಾಗಿ ನಗುವುದು ಕೇಳುತ್ತಿದೆ. ಇಲ್ಲಿ ಮಾಜಿ ಮಂತ್ರಿಗಳು ಲಾರಿ ಡ್ರೈವರೊಬ್ಬನಿಗೆ ಡಬ್ಬಿಯಿಂದ ಬನ್ ತೆಗೆದುಕೊಡುತ್ತಿದ್ದಾರೆ.