ಬಾಯಿ ಮುಚ್ಚದ ಕಡುಬು

ಕೊತ್ತತ್ತಿಯ ನನ್ನ ಗೆಳೆಯ ಕೆಂಪಸಿದ್ದಯ್ಯ ಪಟಾಲಮ್ಮಿನ ಅಡುಗೆಯವನಾಗಿ ಹೋಗಿ, ಸಿಂಗಪುರ ಬಿದ್ದಾಗ ಸೆರೆ ಸಿಕ್ಕಿದವನು. ಯುದ್ಧ ಮುಗಿಯುವವರೆಗೆ ಜಪಾನಿ ಅಧಿಕಾರಿಗಳ ಅಡುಗೆಮನೆಯಲ್ಲಿ ದುಡಿದ. ಅಲ್ಲಿ ಆಹೋಕ್ ಎಂಬ ಚೀನಾದ ಮುದುಕ ಮಾಂಸದ ಕಡುಬನ್ನು ಹಬೆಯಲ್ಲಿ ಬೇಯಿಸುತ್ತಿದ್ದ. ಜಪಾನಿನವರು ಅದರ ಚೀನೀ ಹೆಸರನ್ನೇ ತಮ್ಮ ನಾಲಿಗೆಗೆ ಒಗ್ಗಿಸಿಕೊಂಡು ಶೂಮಾಯಿ ಎನ್ನುತ್ತಿದ್ದರಂತೆ.

"ಆ ಮುದುಕನ್ ಕೆನ್ನೆಗೆ ಒಡೆಯೋರು ಕಣ್ಲಾ. ಅವನ ದೇಸದ ಮ್ಯಾಲೇ ಯುದ್ಧ ಮಾಡೋರು. ಕಡುಬಿನ ಎಸ್ರು ಮಾತ್ರ ಬದ್ಲಾಯಿಸ್ನಿಲ್ಲ" ಎಂದಿದ್ದ ಸಿದ್ದ.

ಅದನ್ನು ತನ್ನ ಕೈಯಾರೆ ಅವ್ವನಿಗೆ ಉಣ್ಣಿಸಬೇಕೆಂಬುದೊಂದೇ ಆಸೆ ಹೊತ್ತು ಊರಿಗೆ ಬಂದ. ಆದರೆ ಅವನವ್ವ ಮಂಚಮ್ಮ ಮಾಂಸ ಬಿಟ್ಟಿದ್ದಳು. ಮಗ ಬದುಕಿ ಬಂದರೆ ಅವನ ಜೊತೆಗೇ ವೈದ್ಯನಾಥಪುರದ ಗುಡಿಗೆ ಬಂದು ಹರಕೆ ಒಪ್ಪಿಸುವೆ, ಅಲ್ಲಿಯತನಕ ಮುಟ್ಟೆ ಎಂದು ಮುಡಿಪು ಕಟ್ಟಿದ್ದಳು.

"ನಾಳೀಕೇ ಓಗ್ಬರಾನ ನಡಿಯವ್ವ."

"ಕಾರ್ತೀಕದ ಸೋಮ್ವಾರ ಅಂತ ಅಂದಿವ್ನಿ. ದೇವ್ರಿಗೆ ಕೊಟ್ಟ ಮಾತ್ನ ಇಂದುಮುಂದು ಮಾಡಕಾಯ್ತದಾ? ತಡ್ಕೊ."

ಅವನು ತಡೆಯಲಿಲ್ಲ. ಕುರಿಯ ಕೈಮಾಕ್ಕೆ ಶುಂಠಿ, ಈರುಳ್ಳಿ ಬೆರೆಸಿ, ತೆಳ್ಳನೆಯ ಮೈದಾ ಹಾಳೆಯಲ್ಲಿಟ್ಟು, ಸುತ್ತ ನಿರಿಗೆ ಹಿಡಿದು, ಮೇಲೆ ತೆರೆದೇ ಬಿಟ್ಟು ಬೇಯಿಸಿ ನಮಗೆ ಬಡಿಸಿದ. ಪಕ್ಕದ ಮನೆಯ ನಾಗಯ್ಯ ಅಣಕಿಸಿದ: "ಏನ್ಲಾ ಸಿದ್ದ, ಸಮುದ್ರ ದಾಟ್ಬಂದ್ರೂ ಕಡುಬಿನ ಬಾಯಿ ಮುಚ್ಚಾಕೆ ಕಲೀನಿಲ್ವಾ?"

"ಮುಚ್ಚುದ್ರೆ ನಮ್ಮವ್ವನ್ ಕಡುಬು ಆಯ್ತದೆ. ತಿನ್ಲಾ ಸುಮ್ಕೆ."

ಮಂಚಮ್ಮ ಬಾಗಿಲಲ್ಲಿ ನಿಂತು ನಾವು ತಿನ್ನುವುದನ್ನೇ ನೋಡುತ್ತಿದ್ದಳು.

ಅವನು ಮೈಯಲ್ಲಿ ಹೊತ್ತು ತಂದಿದ್ದ ಮಲೇರಿಯಾ ಮಳೆಗಾಲದಲ್ಲಿ ಮತ್ತೆ ಕೆರಳಿತು. ಕಾರ್ತೀಕ ಇನ್ನೇನು ಬಂತು ಎನ್ನುವಾಗ ಸಿದ್ದ ಹೋಗಿಬಿಟ್ಟ. ಜೊತೆಗೇ ಬರುತ್ತೇವೆಂದು ಹೇಳಿಕೊಂಡ ಹರಕೆ. ಒಬ್ಬಳೇ ಹೋಗಿ ತೀರಿಸುವಂತಿರಲಿಲ್ಲ.

ಹಿರಿಯರಿಗೆ ಎಡೆ ಇಡುವ ಈ ಮಾರ್ನಾಮಿ ಅಮಾಸೆಗೆ ಮಂಚಮ್ಮ ನನ್ನನ್ನು ಕರೆಸಿದಳು. ಸಿದ್ದ ಕಡುಬು ಮಾಡಿದ್ದನ್ನು ನಾನು ಕಂಡಂತೆ ಹೇಳುತ್ತಾ ಹೋದೆ, ಅವಳು ನಿರಿಗೆ ಹಿಡಿದಳು. ಕೈ ರೂಢಿಯಂತೆ ಬಾಯಿ ಮುಚ್ಚುತ್ತಿತ್ತು. ಮುಚ್ಚಿದ್ದನ್ನು ಬಿಡಿಸಿ ಬಿಡಿಸಿ ತೆರೆಯುತ್ತಿದ್ದಳು. ಮಗನಿಗೆ ಎಡೆ ಇಟ್ಟು ಕೈಮುಗಿದ ಮೇಲೆ ಒಂದನ್ನೆತ್ತಿ ನನ್ನ ಎಲೆಗೆ ಹಾಕಿದಳು.

"ನಾನಂತೂ ತಿನ್ನಂಗಿಲ್ಲ. ನೀನೇ ತಿಂದು ಯೋಳಪ್ಪ, ಅವನು ಮಾಡ್ದಂಗೇ ಅದಾ?"

ಎಡೆಯ ಅಡುಗೆಯನ್ನು ಮೊದಲೇ ರುಚಿ ನೋಡುವಂತಿಲ್ಲ. ಉಪ್ಪು ಬಿದ್ದಿರಲಿಲ್ಲ.

"ಅಂಗೇ ಅದೆ ಕಣವ್ವ" ಎಂದೆ.

ಅವಳು ಇನ್ನೊಂದು ಹಾಕಿದಳು.