ಹತ್ತನೇ ಕ್ಲಾಸಿನ ಡಾಕ್ಟರುಗಳು

ನಮ್ಮ ಹತ್ತನೇ ಕ್ಲಾಸಿನ ಅಷ್ಟೂ ಮಂದಿ ಒಂದೇ ಬೆಳಿಗ್ಗೆ ಡಾಕ್ಟರಾಗಲು ಹೊರಟೆವು. ಒಬ್ಬರೂ ಆಗಲಿಲ್ಲ. ಅದರಲ್ಲಿ ದುಃಖಪಡುವಂಥದ್ದೇನೂ ಇಲ್ಲ, ಏಕೆಂದರೆ ಯಾರಿಗೂ ಡಾಕ್ಟರಾಗುವ ಆಸೆಯೇ ಇರಲಿಲ್ಲ. ದುಃಖ ಇರುವುದು ಹುಡುಗಿಯರ ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದವಳ ವಿಷಯದಲ್ಲಿ.

ಎಂಬತ್ತರ ದಶಕದ ಮೊದಮೊದಲ ಪೀಣ್ಯ. ಶಾಲೆಯ ಬೆನ್ನಿಗೇ ಶೆಡ್ಡುಗಳು ಏಳುತ್ತಿದ್ದವು. ಪಾಠದ ನಡುವೆ ಲೇತ್ ಮೆಷಿನ್ ಕಿರುಚಿದರೆ ಮೇಷ್ಟರು ಅದು ನಿಲ್ಲುವವರೆಗೆ ಸೀಮೆಸುಣ್ಣ ಹಿಡಿದು ಕಾಯುತ್ತಿದ್ದರು. ಹಿಂದಿನ ಬೆಂಚಿನ ಉದ್ದನೆಯ ಹುಡುಗನಿಗೆ ಸಿಟಿ ಬಸ್ಸಿನ ಡ್ರೈವರ್ ಆಗಬೇಕಿತ್ತು. ಜಗಲಿಯ ಮೇಲೆ ನಡೆಯುವಾಗಲೂ ಗೇರು ಬದಲಾಯಿಸಿಕೊಂಡೇ ಹೋಗುತ್ತಿದ್ದ, ತಿರುವು ಬಂದರೆ ಬಾಯಲ್ಲೇ ಹಾರ್ನ್ ಹೊಡೆಯುತ್ತಿದ್ದ. ಅವನ ಗೆಳೆಯನಿಗೆ ಲಗ್ಗೆರೆ ಕಡೆಯ ಟೆಂಟ್ ಸಿನಿಮಾದಲ್ಲಿ ರೀಲು ಬಿಡುವ ಕೆಲಸ ಬೇಕಿತ್ತು. "ಪುಗಸಟ್ಟೆ ಪಿಕ್ಚರ್ರು ಗುರು, ಅದ್ಕಿಂತ ಇನ್ನೇನ್ ಬೇಕು!" ಎನ್ನುತ್ತಿದ್ದ. ಕ್ಲಾಸಿನ ಜಗಳಗಂಟಿಗೆ ಪೊಲೀಸ್ ಆಗುವ ಆಸೆ, ಸಮವಸ್ತ್ರಕ್ಕಿಂತ ಲಾಠಿಗಾಗಿ. ನನಗೆ ಏನೂ ಇರಲಿಲ್ಲ. ಮಲ್ಲೇಶ್ವರದ ಚಿಕ್ಕಮ್ಮನ ಮನೆಯಲ್ಲಿದ್ದುಕೊಂಡು ಲೈಬ್ರರಿಯ ಕಾದಂಬರಿ ಓದುತ್ತ ಯಾವುದೋ ಒಂದು ಕಾಲೇಜಿಗೆ ಹೋಗಿ ಬರುವುದು. ಅದನ್ನು ಗುರಿ ಎಂದು ಕರೆದರೆ ಗುರಿ ಎಂಬ ಮಾತು ನಾಚಿಕೊಳ್ಳುತ್ತದೆ.

ಪಕ್ಕದ ಹುಡುಗಿಗೆ ಮಾತ್ರ ಎಲ್ಲ ಸ್ಪಷ್ಟವಾಗಿತ್ತು. ಅವಳಿಗೆ ಕಾಯಿಲ್ ಫ್ಯಾಕ್ಟರಿ ಬೇಕಿತ್ತು.

ರೇಡಿಯೊಗಳಿಗೆ ಬೇಕಾಗುವ ತಾಮ್ರದ ತಂತಿಯ ಸುರುಳಿಗಳನ್ನು ಸುತ್ತುವ ಕಾರ್ಖಾನೆ ಅದು. ತಂತಿ ಕೂದಲಿಗಿಂತ ಸಣ್ಣದು, ಅದಕ್ಕೆ ಹೆಣ್ಣುಮಕ್ಕಳ ಕೈಯೇ ಸರಿ ಎಂದು ಹುಡುಗಿಯರನ್ನಷ್ಟೇ ತೆಗೆದುಕೊಳ್ಳುತ್ತಿದ್ದರು. ಪ್ರತಿ ವರ್ಷ ಪರೀಕ್ಷೆಗೆ ಮೊದಲು ಅಲ್ಲಿಂದೊಬ್ಬ ಆಫೀಸರು ನಮ್ಮ ಶಾಲೆಗೆ ಬಂದು, ಎಲ್ಲರನ್ನೂ ಮಾತಾಡಿಸಿ, ಇಬ್ಬರು ಹುಡುಗಿಯರನ್ನು ತರಬೇತಿಗೆ ಆರಿಸಿಕೊಂಡು ಹೋಗುತ್ತಿದ್ದರು. ಆರಿಸಿದವರು ನೀಲಿ ಕೋಟು ತೊಟ್ಟು ಕಂಪನಿ ವ್ಯಾನಿನಲ್ಲಿ ಹೋಗುವುದನ್ನು ಅವಳು ಏಳನೇ ಕ್ಲಾಸಿನಿಂದ ನೋಡಿಕೊಂಡು ಬಂದಿದ್ದಳು. ಅವಳಪ್ಪ ಅದೇ ಊರಿನ ರೈತ. ಹೊಲ ಕೈಗಾರಿಕಾ ಪ್ರದೇಶಕ್ಕೆ ಹೋದ ಮೇಲೆ ಉಳಿದ ಜಾಗದಲ್ಲಿ ಸಾಲು ಮನೆ ಕಟ್ಟಿಸಿ ಬಾಡಿಗೆಗೆ ಕೊಟ್ಟಿದ್ದ. ಅದರಲ್ಲಿ ಅವರ ಮನೆಗೆ ಅಂಟಿಕೊಂಡ ಮನೆಯಲ್ಲಿ ನಾವು ಬಾಡಿಗೆಗಿದ್ದೆವು. ಹಾಗಾಗಿ ಅವನು ಮಗಳಿಗೆ ಹೇಳಿದ್ದು ನಮ್ಮ ಗೋಡೆಗೂ ಕೇಳಿಸಿತ್ತು: "ಕಾಯಿಲ್ನೋರು ಕರ್ಕಂಡ್ರೆ ಓಗು, ನಾನೇನೂ ಅನ್ನಾಕಿಲ್ಲ. ಇಲ್ದಿದ್ರೆ ಗಂಡು ನೋಡ್ತೀನಿ. ಆಮ್ಯಾಕೆ ನೀನೂ ಏನೂ ಅನ್ನಂಗಿಲ್ಲ."

ಅವಳು ಅದಕ್ಕೆ ತಯಾರಿ ಮಾಡಿಕೊಂಡಿದ್ದಳು. ತಯಾರಿಯೇ ಮುಳುವಾಯಿತು.

ಆ ವರ್ಷದ ಇಂಗ್ಲಿಷ್ ಪರೀಕ್ಷೆಗೆ 'ನಿಮ್ಮ ಜೀವನದ ಗುರಿ' ಎಂಬ ಪ್ರಬಂಧ ಬಂದೇ ಬರುತ್ತದೆ ಎಂದು ಮೇಷ್ಟರಿಗೆ ಯಾರೋ ಹೇಳಿದ್ದರು. ಗೈಡಿನಲ್ಲಿ ಇದ್ದದ್ದು ಒಂದೇ ಗುರಿ. ಮೈ ಆಂಬಿಷನ್ ಈಸ್ ಟು ಬಿಕಮ್ ಎ ಡಾಕ್ಟರ್. ಎ ಡಾಕ್ಟರ್ ಈಸ್ ನೆಕ್ಸ್ಟ್ ಟು ಗಾಡ್. ಐ ವಿಲ್ ಗೋ ಟು ದ ವಿಲೇಜಸ್ ಅಂಡ್ ಸರ್ವ್ ದ ಪೂರ್. ನಾವೆಲ್ಲ ಅದನ್ನು ಒಟ್ಟಿಗೆ ಕೂಗಿ ಕಲಿತೆವು. ಹಳ್ಳಿಯಲ್ಲೇ ನಿಂತು ಹಳ್ಳಿಗೆ ಹೋಗುತ್ತೇನೆ ಎಂದೆವು, ಬಡವರೇ ಬಡವರ ಸೇವೆ ಮಾಡುತ್ತೇನೆ ಎಂದೆವು. ಯಾರಿಗೂ ನಗು ಬರಲಿಲ್ಲ, ಅರ್ಥವಾಗಿದ್ದರೆ ತಾನೆ. ರೀಲು ಬಿಡುವವನು ಮಾತ್ರ ಒಮ್ಮೆ, "ಸಾರ್, ಡ್ರೈವರ್ ಅಂತ ಬರೆದ್ರೆ ಮಾರ್ಕ್ಸು ಕೊಡಲ್ವಾ? ನಮ್ಮುಡ್ಗನ್ಗೆ ಬೇಕಿತ್ತು" ಎಂದು ಗೆಳೆಯನ ಕಡೆ ಕೈತೋರಿಸಿ ಕೇಳಿದ.

"ಡ್ರೈವರ್‌ಗೆ ಇಂಗ್ಲಿಷ್ ಯಾಕೋ? ರಿವರ್ಸ್ ಅನ್ನೋದೊಂದು ಬಂದ್ರೆ ಸಾಕು, ಕೂತ್ಕೊ" ಎಂದರು ಮೇಷ್ಟರು.

ಆಫೀಸರು ಬಂದ ದಿನ. ಇಲ್ಲಿ ಅವಳ ಜಡೆಯಲ್ಲಿ ಕನಕಾಂಬರ ಇತ್ತು ಎಂದು ನೆನಪು ಹೇಳುತ್ತದೆ. ನಂಬಬೇಡಿ. ನನ್ನ ನೆನಪು ಆ ಕಾಲದ ಎಲ್ಲ ಹುಡುಗಿಯರಿಗೂ ಕನಕಾಂಬರವನ್ನೇ ಮುಡಿಸುತ್ತದೆ. ಖಚಿತವಾಗಿ ಇದ್ದದ್ದು ಇಷ್ಟು: ಒಂದು ಮೇಜು, ಅದರ ಹಿಂದೆ ಬಿಳಿ ಅಂಗಿಯ, ಮೆದು ದನಿಯ ಮಧ್ಯವಯಸ್ಕ, ಪಕ್ಕದಲ್ಲಿ ಕುರ್ಚಿಯ ತುದಿಯಲ್ಲಿ ಹೆಡ್‌ಮಾಸ್ಟರು. ಆಫೀಸರು ಒಬ್ಬೊಬ್ಬರನ್ನೇ ನಿಲ್ಲಿಸಿ ಕೇಳಿದ್ದು ಒಂದೇ ಪ್ರಶ್ನೆ, ಅದೂ ಇಂಗ್ಲಿಷಿನಲ್ಲಿ: ವಾಟ್ ಈಸ್ ಯುವರ್ ಆಂಬಿಷನ್?

ಆಂಬಿಷನ್ ಎಂಬ ಪದ ಕಿವಿಗೆ ಬಿದ್ದದ್ದೇ ತಡ, ಡ್ರೈವರ್ ಡಾಕ್ಟರಾದ. ರೀಲು ಬಿಡುವವನು ಡಾಕ್ಟರಾದ. ಪೊಲೀಸಿನವಳು ತಡವರಿಸಿ, ಗಾಡ್ ಈಸ್ ನೆಕ್ಸ್ಟ್ ಟು ಡಾಕ್ಟರ್ ಎಂದು ದೇವರನ್ನೇ ಒಂದು ಮೆಟ್ಟಿಲು ಇಳಿಸಿದಳು. ಆಫೀಸರಿಗೆ ನಗು ತಡೆಯಲಾಗಲಿಲ್ಲ. "ಪೀಣ್ಯಕ್ಕೆ ಇನ್ಮೇಲೆ ರೋಗಿಗಳನ್ನೂ ಹೊರಗಡೆಯಿಂದಲೇ ತರಿಸ್ಬೇಕು ಸ್ವಾಮಿ" ಎಂದು ಹೆಡ್‌ಮಾಸ್ಟರಿಗೆ ಹೇಳಿದರು.

ಆಮೇಲೆ ಅವಳು ಎದ್ದಳು. ಒಂದಕ್ಷರ ತಪ್ಪಲಿಲ್ಲ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿದಳು, ಬಡವರ ಮಾತು ಬಂದಾಗ ದನಿ ತಗ್ಗಿಸಿದಳು. ತನಗೆ ಬೇಕಾದ ಕೆಲಸಕ್ಕಾಗಿ, ತನಗೆ ಬೇಡವಾದ ಆಸೆಯನ್ನು, ಅವಳಷ್ಟು ಚೆಂದವಾಗಿ ಹೇಳಿದವರನ್ನು ನಾನು ಮತ್ತೆ ನೋಡಿಲ್ಲ. ಆಫೀಸರ ನಗು ನಿಂತಿತು. ಅವರು ಹೆಡ್‌ಮಾಸ್ಟರ ಕಡೆ ವಾಲಿ ಮೆಲ್ಲಗೆ ಹೇಳಿದ್ದು ಮುಂದಿನ ಬೆಂಚಿನ ನಮಗೆ ಕೇಳಿತು: "ಈ ಹುಡುಗೀನ ಕಾಯಿಲ್ ಸುತ್ತೋಕೆ ಕೂರಿಸಿದ್ರೆ ನನಗೆ ಪಾಪ ಸುತ್ತಿಕೊಳ್ಳುತ್ತೆ. ಇವಳನ್ನ ಓದಿಸಿ."

ಆಮೇಲೆ ನಾನು. ಮೈ ಆಂಬಿಷನ್ ಈಸ್ ಟು. ಅಲ್ಲಿಗೆ ನಿಂತಿತು. "ಟು?" ಎಂದರು. "ಕೆಲಸ, ಸಾರ್" ಎಂದೆ. ಕ್ಲಾಸು ಹೋ ಎಂದಿತು. ಆಫೀಸರು ತಲೆಯಾಡಿಸಿದರು. ಹೊರಡುವಾಗ ಪೊಲೀಸಿನವಳನ್ನೂ ನನ್ನನ್ನೂ ಆರಿಸಿದ್ದೇನೆ ಎಂದು ಹೇಳಿ ಹೋದರು.

ಈ ಗಳಿಗೆಯನ್ನು ಬೇರೆ ಬೇರೆ ಥರ ಬರೆದು ಹರಿದಿದ್ದೇನೆ. ಒಂದರಲ್ಲಿ ಅವಳ ಕೆಲಸ ನನಗೆ ಸಿಗಲೆಂದು ಪ್ರಬಂಧವನ್ನು ಬೇಕೆಂದೇ ಮರೆತೆ. ಕಳ್ಳತನವಿದ್ದರೆ ಬರಹಕ್ಕೊಂದು ಬೆನ್ನುಮೂಳೆ ಸಿಗುತ್ತದೆ. ಇನ್ನೊಂದರಲ್ಲಿ ಅಲ್ಲೇ ಎದ್ದು ನಿಂತು, ಸಾರ್ ಅವಳಿಗೆ ಕೊಡಿ ಎಂದೆ. ಎರಡೂ ಸುಳ್ಳು. ಮರೆತುಹೋಯಿತು, ಅಷ್ಟೆ. ಇಂಥ ದೊಡ್ಡ ವಿಷಯಕ್ಕೆ ಇಷ್ಟು ಸಣ್ಣ ಕಾರಣ ಇರುವುದನ್ನು ಒಪ್ಪಿಕೊಳ್ಳಲು ನನಗೆ ಬಹಳ ಕಾಲ ಬೇಕಾಯಿತು.

ಮರುದಿನ ಪಕ್ಕದ ಹುಡುಗಿಯೂ ನಾನೂ ಫ್ಯಾಕ್ಟರಿಯ ಗೇಟಿಗೆ ಹೋದೆವು. ಗೇಟಿನವನು ಒಳಗೆ ಬಿಡಲಿಲ್ಲ. ಊಟದ ಹೊತ್ತಿಗೆ ಆಫೀಸರೇ ಹೊರಬಂದರು, ಅವಳನ್ನು ಕಂಡು ನಿಂತರು.

"ಸಾ, ಅದು ಬಾಯ್ಪಾಠ ಸಾ" ಎಂದಳು ಅವಳು. "ಎಲ್ರೂ ಅದ್ನೇ ಯೋಳಿದ್ದು. ನಂಗೆ ಡಾಕ್ಟ್ರು ಗೀಕ್ಟ್ರು ಏನೂ ಬ್ಯಾಡ. ಕಾಯಿಲ್ ಕೆಲ್ಸ ಬೇಕು."

"ಎಲ್ಲರೂ ಹೇಳಿದ್ರು, ಆದರೆ ನಿನ್ನ ಥರ ಯಾರೂ ಹೇಳ್ಲಿಲ್ಲ ಕಣಮ್ಮ. ಮನೇಲಿ ಬೈದ್ರಾ? ಕೆಲಸಕ್ಕೆ ಹೋಗು ಅಂತ ಅಪ್ಪ ಕಳಿಸಿದ್ರಾ?"

"ಇಲ್ಲ ಸಾ. ನಂಗೇ ಬೇಕು."

"ಹಾಗೇ ಅನ್ನಬೇಕು ಅಂತ ಹೇಳಿಕೊಟ್ಟಿದ್ದಾರೆ, ಪಾಪ."

ಆಗ ನಮ್ಮಿಬ್ಬರಲ್ಲಿ ಒಬ್ಬರು, ನನ್ನ ಜಾಗವನ್ನು ಅವಳಿಗೆ ಕೊಡಿ ಎಂದು ಕೇಳಿದ್ದುಂಟು. ನಾನು ಅಂದೆನೋ ಅವಳು ಅಂದಳೋ ಗೊತ್ತಿಲ್ಲ. ನಾನೇ ಅಂದಿದ್ದರೆ ಚೆನ್ನಾಗಿತ್ತು. ಉತ್ತರ ಮಾತ್ರ ಚೆನ್ನಾಗಿ ನೆನಪಿದೆ: "ಇದೇನು ಬಸ್ ಸೀಟಾ ಎದ್ದು ಬಿಟ್ಟುಕೊಡೋಕೆ?" ನಗುತ್ತಲೇ ಅಂದರು. ಅವರು ಕೆಟ್ಟವರಾಗಿದ್ದರೆ ನಮಗೆ ಅಳಲು, ಬೈಯಲು, ಏನಾದರೂ ಮಾಡಲು ಆಗುತ್ತಿತ್ತು. ಅವರು ಒಳ್ಳೆಯವರು. ಆ ಸಂಜೆಯೇ ಹೆಡ್‌ಮಾಸ್ಟರನ್ನು ಕರೆದುಕೊಂಡು ಸಾಲು ಮನೆಗೆ ಬಂದು, ಅವಳಪ್ಪನನ್ನು ಕೂರಿಸಿಕೊಂಡು ಮಾತಾಡಿದರು. ನಮ್ಮ ಗೋಡೆಗೆ ಮತ್ತೆ ಕೇಳಿಸಿತು.

"ಡಾಕ್ಟ್ರಾ? ನಮ್ಮುಡ್ಗೀನಾ?" ಅಪ್ಪನ ದನಿಯಲ್ಲಿ ಮೊದಲು ಹೆದರಿಕೆಯಿತ್ತು. ಸ್ವಲ್ಪ ಹೊತ್ತಿಗೆ ಅದು ಬೇರೆ ಏನೋ ಆಯಿತು. "ಲೇ, ಕಾಫಿ ಕಾಸೇ! ಡಾಕ್ಟ್ರಮ್ಮನ್ನ ಓದಿಸ್ಬೇಕಂತೆ!"

ಅಂದಿನಿಂದ ಅವಳು ಊರಿಗೆಲ್ಲ ಡಾಕ್ಟ್ರಮ್ಮ. ನಲ್ಲಿಯ ಹತ್ತಿರ ಹೆಂಗಸರು ಕೊಡ ಹಿಂದಕ್ಕಿಟ್ಟು ಅವಳಿಗೆ ಜಾಗ ಬಿಡುತ್ತಿದ್ದರು. "ಡಾಕ್ಟ್ರಮ್ಮ, ಈ ಮಂಡಿನೋವು ನೀನು ಪಾಸಾಗೋಗಂಟ ಕಾಯ್ತದಾ?" ಎಂದು ಒಬ್ಬ ಅಜ್ಜಿ ದಿನಾ ಕೇಳುತ್ತಿದ್ದಳು. ಅವಳು ನಗುತ್ತಿದ್ದಳು. ಅಪ್ಪ ಇಷ್ಟು ಹೆಮ್ಮೆಯಿಂದ ಇದ್ದದ್ದನ್ನು ಅವಳು ಅದುವರೆಗೆ ನೋಡಿರಲಿಲ್ಲ. ಅದನ್ನು ಒಡೆಯಲು ಅವಳಿಗೆ ಮನಸ್ಸು ಬರಲಿಲ್ಲ ಎಂದು ನಾನು ಊಹಿಸುತ್ತೇನೆ. ಅವಳನ್ನು ಕೇಳಿಲ್ಲ.

ಹತ್ತನೆಯದರಲ್ಲಿ ಎಲ್ಲ ಪಾಸಾದೆವು. ಪರೀಕ್ಷೆಯಲ್ಲಿ ಗುರಿಯ ಪ್ರಬಂಧ ಬರಲಿಲ್ಲ. ಹಸುವಿನ ಮೇಲೆ ಬಂತು. ಅವಳು ಸಿಟಿಯ ಕಾಲೇಜಿನಲ್ಲಿ ಪಿಯುಸಿ ಸೈನ್ಸಿಗೆ ಸೇರಿದಳು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಅವಳ ಬಳಿ ಇದ್ದದ್ದು ಒಂದು ಪ್ರಬಂಧದಷ್ಟು ಇಂಗ್ಲಿಷು. ಎರಡು ವರ್ಷ ಬೆಳಿಗ್ಗೆ ಅವಳು ಬಸ್‌ಸ್ಟಾಪಿಗೆ, ನಾನು ನೀಲಿ ಕೋಟು ತೊಟ್ಟು ವ್ಯಾನಿಗೆ, ಒಟ್ಟಿಗೇ ಮನೆ ಬಿಡುತ್ತಿದ್ದೆವು. ನನಗೆ ಬೇಕಿದ್ದದ್ದು ಕಾಲೇಜು ಎಂದೆನಲ್ಲ, ಬಂದ ಕೆಲಸ ಬಿಡಲು ಮನೆಯಲ್ಲಿ ಒಪ್ಪಲಿಲ್ಲ. ಮೊದಲ ತಿಂಗಳು ಅಳುತ್ತಿದ್ದೆ. ಆಮೇಲೆ ಅದು ನನಗೆ ಎಷ್ಟು ಹಿಡಿಸಿತೆಂದರೆ, ಅವಳೆದುರು ಅದರ ಮಾತೇ ಎತ್ತುತ್ತಿರಲಿಲ್ಲ.

ಪಿಯುಸಿಯಲ್ಲಿ ಅವಳು ಫೇಲಾದಳು. ಫಿಸಿಕ್ಸು, ಕೆಮಿಸ್ಟ್ರಿ, ಇಂಗ್ಲಿಷು. ಅಪ್ಪ ಬೈಯಲಿಲ್ಲ, ಗಂಡು ನೋಡಿದ. ಅವಳು ನನ್ನನ್ನು ಕೇಳಿಕೊಂಡದ್ದು ಆಗ: "ಒಂದ್ಸಲ ಕೇಳೇ ನಿಮ್ಮೋರ್ನ. ಈಗಾದ್ರೂ ಕರ್ಕಂಡ್ರೆ ಅಪ್ಪ ನಿಲ್ಲಿಸ್ತಾನೆ."

ಆ ಆಫೀಸರು ಅಷ್ಟರಲ್ಲಿ ಬೇರೆ ಊರಿಗೆ ಹೋಗಿದ್ದರು. ನಾನು ಸೂಪರ್‌ವೈಸರಮ್ಮನನ್ನು ಕೇಳಿದೆ. ಸಂಜೆ ವ್ಯಾನಿಳಿದು ಬಂದಾಗ ಅವಳು ನಮ್ಮ ಮನೆಯ ಮೆಟ್ಟಿಲ ಮೇಲೇ ಕೂತಿದ್ದಳು.

"ಏನಂದ್ರು?"

"ಪಿಯುಸಿ ಓದಿದವರು ಬೇಡ್ವಂತೆ. ಕೆಲಸದಲ್ಲಿ ನಿಲ್ಲಲ್ಲ ಅಂತಾರೆ."

"ಎಲ್ಲೇ ಓದ್ದೆ, ಫೇಲು ನಾನು!"

"ಅದನ್ನೂ ಹೇಳ್ದೆ ಕಣೇ. ಫೇಲಾದವರು ಬೇಡವೇ ಬೇಡ್ವಂತೆ."

ಅವಳು ಜೋರಾಗಿ ನಕ್ಕಳು. "ಅಂಗಾದ್ರೆ ಓದಿರೋರ್ಗೂ ಸೇರಿಲ್ಲ, ಓದ್ದಿರೋರ್ಗೂ ಸೇರಿಲ್ಲ. ಡಾಕ್ಟ್ರು ಮಾತ್ರ ಆಗಿದೀನಿ ಬುಡು." ನಗು ಮುಗಿದ ಮೇಲೆ ಕೇಳಿದಳು, "ಒಳ್ಗೆ ಎಂಗಿರ್ತೈತೆ?"

"ಏನಿಲ್ಲ. ಬೆನ್ನು ನೋವು, ಕಣ್ಣುರಿ. ಮಾತಾಡಂಗಿಲ್ಲ."

"ಸುಳ್ ಯೋಳ್ಬ್ಯಾಡ್ವೇ. ಸರ್ಯಾಗ್ ಯೋಳು."

ಹೇಳಿದೆ. ಒಂದು ಕೈ ಸುತ್ತುವ ಮೆಷಿನ್ನಿನ ಹಿಡಿ ತಿರುಗಿಸುತ್ತದೆ, ಇನ್ನೊಂದರ ಬೆರಳ ನಡುವೆ ತಂತಿ ಹರಿಯುತ್ತದೆ, ಅದು ಕಣ್ಣಿಗೆ ಕಾಣುವುದಿಲ್ಲ, ಬೆರಳಿಗಷ್ಟೇ ಗೊತ್ತಾಗುತ್ತದೆ ಎಂದೆ. ಬಿಗಿ ಹಿಡಿದರೆ ಕಡಿಯುತ್ತದೆ, ಸಡಿಲ ಬಿಟ್ಟರೆ ಗಂಟಾಗುತ್ತದೆ, ನಡುವೆ ಒಂದು ಹದ ಇದೆ, ಅದು ಸಿಕ್ಕ ದಿನ ಹಸಿವೂ ಆಗುವುದಿಲ್ಲ ಎಂದೆ. ಸಾಲಿನಲ್ಲಿ ಎಲ್ಲರಿಗೂ ಒಟ್ಟಿಗೆ ಹದ ಸಿಕ್ಕರೆ ಶೆಡ್ಡು ತುಂಬ ಒಂದೇ ಸಮನೆ ಜೇನಿನಂಥ ಸದ್ದು ಇರುತ್ತದೆ ಎಂದೆ. ಅವಳು ರೆಪ್ಪೆ ಮಿಟುಕಿಸದೆ ಕೇಳಿದಳು. ಹೇಳಬಾರದಿತ್ತು ಎನ್ನಿಸುತ್ತದೆ. ಹೇಳದೆ ಇರುವುದೂ ಆಗುತ್ತಿರಲಿಲ್ಲ.

"ಯಾವ ಬೆಟ್ಟು?"

ಎರಡು ಬೆರಳು ತೋರಿಸಿದೆ. ಅವಳು ಹೆಬ್ಬೆರಳಿಗೆ ತೋರುಬೆರಳು ತಾಗಿಸಿ ಗಾಳಿಯಲ್ಲಿ ಕೈ ಎತ್ತಿದಳು, ಇನ್ನೊಂದು ಕೈಯಲ್ಲಿ ಇಲ್ಲದ ಹಿಡಿಯನ್ನು ತಿರುಗಿಸತೊಡಗಿದಳು. "ಇಂಗಾ?"

"ಇನ್ನೂ ಸಡಿಲ."

"ಇಂಗಾ?"

ಪಕ್ಕದ ಮನೆಯೊಳಗಿನಿಂದ ಅವಳವ್ವ ಕೂಗಿದಳು, ಗಂಡಿನ ಕಡೆಯವರಿಗೆ ಒಬ್ಬಟ್ಟಿಗೆ ಬೇಳೆ ನೆನೆಹಾಕಬೇಕಿತ್ತು. "ಬಂದೆ ಕಣವ್ವೋ" ಎಂದಳು, ಏಳಲಿಲ್ಲ. ಕೈ ತಿರುಗುತ್ತಲೇ ಇತ್ತು, ನನ್ನದಕ್ಕಿಂತ ನಿಧಾನ, ನನ್ನದಕ್ಕಿಂತ ಸಮ.

"ಸರ್ಯಾಗೈತಾ?"

ಸರಿಯಾಗಿತ್ತು. ಎಳೆ ಎಲ್ಲೂ ಕಡಿಯುತ್ತಿರಲಿಲ್ಲ.